ಹೆಗಲಿನ ಮಟ್ಟಿಗೆ ಸಾಕ್ಷಿ

ಅಕ್ಟೋಬರ್ ಹನ್ನೊಂದರ ಬುಧವಾರ, ಮಧ್ಯಾಹ್ನ ಮೂರೂವರೆಗೆ, ಸ್ಯಾಲೊ ಹಾರ್ಬರಿನ ಔಷಧಿ ಅಂಗಡಿಯಲ್ಲಿ ಲೆಂಪಿ ಹಕಲಾ ಕುರ್ಚಿಯ ಮೇಲೆ ಕೂತಿದ್ದಳು. ಫ್ಲೂ ಚುಚ್ಚುಮದ್ದು ಹಾಕುವ ಫಾರ್ಮಸಿಸ್ಟ್ ನಿಂತಿದ್ದ. ನಿಂತಲ್ಲಿಂದಲೇ ಅವನು ಬಲರಟ್ಟೆಯ ಮಾಂಸಕ್ಕೆ ಚುಚ್ಚಬೇಕಾದ ಸೂಜಿಯನ್ನು ಮೂರು ಬೆರಳು ಮೇಲೆ, ಭುಜದ ಕೀಲಿಗೆ ಚುಚ್ಚಿದ. ಕಂಪ್ಯೂಟರಿನಲ್ಲಿ ‘ಎಡಗೈ’ ಎಂದು ದಾಖಲಿಸಿದ. ಮುಂದಿನವರನ್ನು ಕರೆದ.

ನೋವು ಅವತ್ತು ಸಂಜೆ ಏಳರ ಹೊತ್ತಿಗೇ ಶುರುವಾಯಿತು. ಲೆಂಪಿ ಅದನ್ನು ಡಾಕ್ಟರಿಗೆ ಹೇಳಿದ್ದು ಐದು ತಿಂಗಳ ನಂತರ.

ಸುಪೀರಿಯರ್ ಸರೋವರದ ದಂಡೆಯ ಈ ಊರಿನಲ್ಲಿ ಐದು ತಿಂಗಳು ಯಾರಿಗೂ ಹೆಚ್ಚೆನಿಸುವುದಿಲ್ಲ. ತಾಮ್ರದ ಗಣಿಯಲ್ಲಿ ಎರಡು ಬೆರಳು ಬಿಟ್ಟು ಬಂದು, ಮನೆಯಲ್ಲಿ ಕಾಫಿ ಆಗಿದೆಯಾ ಎಂದು ಕೇಳಿದ ಫಿನ್ನಿಶ್ ಅಜ್ಜಂದಿರ ಮೊಮ್ಮಕ್ಕಳು ಇಲ್ಲಿರುವವರು. ಮೈಯಲ್ಲಿ ಎಲ್ಲಿ ನೋವು ಕಂಡರೂ ಅದಕ್ಕೆ ಸೌನಾ. ಮರದ ಚಿಕ್ಕ ಕೋಣೆ, ಒಲೆಯ ಮೇಲೆ ಕೆಂಪಗೆ ಕಾದ ಕಲ್ಲು, ಕಲ್ಲಿನ ಮೇಲೆ ಒಂದು ಸೌಟು ನೀರು, ಭುಸ್ಸೆಂದು ಏಳುವ ಹಬೆ. ಬುಧವಾರ ಒಮ್ಮೆ, ಶನಿವಾರ ಒಮ್ಮೆ. ನೋವು ಅದಕ್ಕೂ ಹೋಗಲಿಲ್ಲವೆಂದರೆ ಒಲೆಗೆ ಇನ್ನೆರಡು ಕೊಳ್ಳಿ ಹೆಚ್ಚು ಒಟ್ಟುವುದು. ಆಗಲೂ ಬಗ್ಗದಿದ್ದರೆ ಸೋಮವಾರವೂ ಸೌನಾ. ಡಾಕ್ಟರ ಹತ್ತಿರ ಹೋಗುವುದು ಸತ್ತ ಮೇಲೆ, ಅದೂ ಸರ್ಟಿಫಿಕೇಟಿಗಾಗಿ.

ಲೆಂಪಿಗೆ ಆಗ ಅರವತ್ತು. ಊರಿನ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಹಂಡೆ ಎತ್ತಿದವಳು. ಸೂಜಿ ಚುಚ್ಚಿಸಿಕೊಂಡ ದಿನದಿಂದ ಅವಳ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಹೋಗುವುದನ್ನು ನಿಲ್ಲಿಸಿತು. ಎಡಗೈಯಲ್ಲಿ ತಲೆ ಬಾಚಿಕೊಂಡಳು. ಒಳಬಟ್ಟೆಯ ಕೊಕ್ಕೆಯನ್ನು ಮುಂದೆ ಹಾಕಿಕೊಂಡು ಹಿಂದಕ್ಕೆ ತಿರುಗಿಸಿಕೊಂಡಳು. ಮೇಲಿನ ಕಪಾಟಿನ ಡಬ್ಬಗಳನ್ನೆಲ್ಲ ಒಂದು ಭಾನುವಾರ ಗುಟ್ಟಾಗಿ ಕೆಳಗಿಳಿಸಿಟ್ಟಳು. ಯಾರಾದರೂ ಹೇಗಿದ್ದೀ ಎಂದರೆ, ನಡೀತಿದೆ ಎಂದಳು. ಮಾರ್ಚಿನಲ್ಲಿ ಟೊಮೆಟೊ ಸೂಪಿನ ಹಂಡೆ ಕೈತಪ್ಪಿ ಅಡುಗೆಮನೆಯೆಲ್ಲ ಕೆಂಪಾದ ದಿನ ಮೇಲ್ವಿಚಾರಕಿ ಡಾಕ್ಟರ ಚೀಟಿ ತರಲು ಹೇಳಿದಳು. ಡಾಕ್ಟರು ಕೀಲಿನ ಚಿತ್ರ ತೆಗೆಸಿ, ಒಳಗೆ ಎಲ್ಲ ಊದಿಕೊಂಡು ಒಂದು ಸ್ನಾಯು ಹರಿದಿದೆ, ಆಪರೇಷನ್ ಆಗಬೇಕು ಎಂದರು. ಆ ಚೀಟಿ ಓದಿದ ಶಾಲೆ ಅವಳ ಕೆಲಸದ ಹೊತ್ತನ್ನು ಅರ್ಧಕ್ಕಿಳಿಸಿತು. ಈ ದೇಶದಲ್ಲಿ ಅರ್ಧ ಹೊತ್ತು ದುಡಿಯುವವರಿಗೆ ಅರ್ಧ ಆರೋಗ್ಯ ವಿಮೆ ಅಂತ ಇಲ್ಲ. ಪೂರ್ತಿ ಹೊತ್ತಿಗೆ ಪೂರ್ತಿ ವಿಮೆ, ಅರ್ಧ ಹೊತ್ತಿಗೆ ಏನೂ ಇಲ್ಲ. ಭುಜ ಕೆಟ್ಟಿದ್ದಕ್ಕೆ ಹೊತ್ತು ಹೋಯಿತು, ಹೊತ್ತು ಹೋಗಿದ್ದಕ್ಕೆ ವಿಮೆ ಹೋಯಿತು, ವಿಮೆ ಹೋಗಿದ್ದಕ್ಕೆ ಭುಜ ರಿಪೇರಿಯಾಗದೆ ಉಳಿಯಿತು. ಇಷ್ಟು ಅಚ್ಚುಕಟ್ಟಾದ ಗಾಣವನ್ನು ಯಾರೋ ಕೂತು ಯೋಚಿಸಿಯೇ ಮಾಡಿರಬೇಕು.

ಇದಕ್ಕೊಂದು ಕಾನೂನಿದೆ ಎಂದು ಹೇಳಿದವರು ಆ ಡಾಕ್ಟರೇ. ಫಾರ್ಮಸಿಸ್ಟನ ಮೇಲೂ ಕೇಸು ಬೇಡ, ಔಷಧಿ ಕಂಪನಿಯ ಮೇಲೂ ಬೇಡ. ಪ್ರತಿ ಚುಚ್ಚುಮದ್ದಿನ ಮೇಲೆ ಸಣ್ಣದೊಂದು ತೆರಿಗೆ ಇದೆ, ಅದೆಲ್ಲ ಒಂದು ಹುಂಡಿಗೆ ಬೀಳುತ್ತದೆ. ಲಕ್ಷಾಂತರ ಜನರನ್ನು ಕಾಪಾಡುವ ಸೂಜಿ ಎಲ್ಲೋ ಒಬ್ಬರ ಭುಜ ಕೆಡಿಸಿದರೆ, ವಾಷಿಂಗ್ಟನ್ನಿನ ಕೋರ್ಟಿಗೆ ಅರ್ಜಿ ಹಾಕಿ ಆ ಹುಂಡಿಯಿಂದ ಪರಿಹಾರ ಕೇಳಬಹುದು. ವಕೀಲನ ಫೀಜೂ ಅದರಿಂದಲೇ. ರುಜುವಾತು ಮಾತ್ರ ಗಟ್ಟಿ ಇರಬೇಕು: ಚುಚ್ಚಿದ ಕೈಯಲ್ಲೇ ನೋವು, ಎರಡು ದಿನದೊಳಗೆ ಶುರುವಾದ ನೋವು, ಆರು ತಿಂಗಳು ದಾಟಿದ ನೋವು.

ಲೆಂಪಿಯ ಬಳಿ ಇದ್ದದ್ದು ಎಡಗೈ ಎಂದು ಬರೆದ ಅಂಗಡಿಯ ದಾಖಲೆ, ಐದು ತಿಂಗಳ ನಂತರದ ಡಾಕ್ಟರ ಚೀಟಿ, ಮತ್ತು ಡೆಸ್ಮಂಡ್ ಪ್ರೂಯಿಟ್ ಎಂಬ ವಾಷಿಂಗ್ಟನ್ನಿನ ವಕೀಲ. ಅವನು ಫೋನಿನಲ್ಲೇ ಸಿಗುತ್ತಿದ್ದ. ದನಿ ಮೃದು, ತಾಳ್ಮೆ ದೊಡ್ಡದು. ಲೆಂಪಿ ಆ ತಾಳ್ಮೆಯ ತಳ ನೋಡಿದಳು.

“ಆ ಎರಡು ದಿನದೊಳಗೆ ನಿಮ್ಮ ಭುಜ ನೋಡಿದವರು ಯಾರಾದ್ರೂ ಇದ್ದಾರಾ, ಮಿಸೆಸ್ ಹಕಲಾ?”

“ಲೆಂಪಿ ಅನ್ನಿ ಸಾಕು. ಯಾರೂ ಇಲ್ಲ.”

“ನಿಮ್ಮ ಯಜಮಾನರು?”

“ತೀರಿಕೊಂಡು ಒಂಬತ್ತು ವರ್ಷ ಆಯ್ತು. ಇದ್ದಿದ್ರೂ ನೋಡ್ತಿರಲಿಲ್ಲ ಬಿಡಿ. ಟೀವೀಲಿ ಹಾಕಿ ಮ್ಯಾಚ್ ಇರ್ತಿತ್ತು.”

“ಅಕ್ಕಪಕ್ಕದವರು?”

“ಯಾರೂ ಇಲ್ಲ ಅಂದ್ನಲ್ಲ.”

ಇದೇ ಪ್ರಶ್ನೆಯನ್ನು ಅವನು ಬೇರೆ ಬೇರೆ ದಿನ ಮೂರು ಸಲ ಕೇಳಿದ. ಮೂರು ಸಲವೂ ಇದೇ ಉತ್ತರ. ನಾಲ್ಕನೆಯ ಸಲ ದಾರಿ ಬದಲಿಸಿದ.

“ಹೋಗ್ಲಿ, ಆ ಸಂಜೆ ಅಂಗಡಿಯಿಂದ ಹೊರಟ ಮೇಲೆ ಏನೇನು ಮಾಡಿದ್ರಿ? ಒಂದೊಂದಾಗಿ ಹೇಳ್ತಾ ಹೋಗಿ.”

“ಏನು ಮಾಡ್ತೀನಿ? ಮನೆಗೆ ಬಂದೆ. ಬೆಕ್ಕಿಗೆ ಹಾಕ್ದೆ. ಸೌನಾಗೆ ಹೋದೆ. ಕಲ್ಲಿನ ಮೇಲೆ ನೀರು ಎರಚೋ ಸರದಿ ನಂದು. ಸೌಟು ಎತ್ತಿದೆ, ಅರ್ಧದಲ್ಲಿ ಕೈ ಹಿಡ್ಕೊಂಡುಬಿಡ್ತು. ಅಷ್ಟೂ ತಣ್ಣೀರು ಹಿಲ್ಯಾ ತೊಡೆ ಮೇಲೆ. ಆಮೇಲೆ ಮನೆಗೆ ಬಂದು ಮಲಗ್ದೆ. ಮಾರನೇ ದಿನ...”

“ನಿಲ್ಲಿ, ನಿಲ್ಲಿ. ಯಾರ ತೊಡೆ ಮೇಲೆ?”

“ಹಿಲ್ಯಾ ಟೆರ್ವೊ. ಸೌನಾ ಅವಳದ್ದು.”

“ಅಲ್ಲಿ ಬೇರೆ ಯಾರಿದ್ರು?”

“ವರ್ನಾ. ಇರೋದೇ ನಾವು ಮೂರು ಜನ.”

ಫೋನಿನಾಚೆ ಪೆನ್ನು ಮೇಜಿನ ಮೇಲೆ ಬಿದ್ದ ಸದ್ದಾಯಿತು.

“ಲೆಂಪಿ, ಮೂರು ಸಲ ಕೇಳ್ದೆ. ಯಾರೂ ನೋಡಿಲ್ಲ ಅಂದ್ರಿ.”

“ನೋಡಿಲ್ಲ. ನಾವು ಸೌನಾದಲ್ಲಿದ್ವಿ.”

“ಬಟ್ಟೆ... ಕ್ಷಮಿಸಿ. ಅಲ್ಲಿ ಬಟ್ಟೆ ಹಾಕ್ಕೊಂಡಿರಲ್ಲ ಅಲ್ವಾ?”

“ಸೌನಾಗೆ ಬಟ್ಟೆ ಹಾಕ್ಕೊಂಡು ಯಾರು ಹೋಗ್ತಾರೆ?”

“ಅಂದ್ರೆ ಭುಜ ಕಾಣಿಸ್ತಿತ್ತು.”

“ಭುಜ ಏನು ಬಂತು, ಎಲ್ಲಾ ಕಾಣಿಸ್ತದೆ. ಯಾರೂ ನೋಡಲ್ಲ, ಅಷ್ಟೇ.”

ಡೆಸ್ಮಂಡ್ ಆ ದಿನ ಆಫೀಸಿನ ಕಿಟಕಿ ತೆರೆದು ಸ್ವಲ್ಪ ಗಾಳಿ ತೆಗೆದುಕೊಂಡನೆಂದು ಆಮೇಲೆ ತಾನೇ ಹೇಳಿದ. ಅವನಿಗೆ ಅರ್ಥವಾಗುವುದು ಕಷ್ಟವಿತ್ತು. ಸ್ಯಾಲೊ ಹಾರ್ಬರಿನಲ್ಲಿ ಸೌನಾದ ಬೆಂಚಿನ ಮೇಲೆ ಕೂತವರು ಒಬ್ಬರನ್ನೊಬ್ಬರು ಕಂಡಿದ್ದು ಕಂಡಿದ್ದಲ್ಲ. ಯಾರ ಹೊಟ್ಟೆ ಎಷ್ಟು ಮಡಿಕೆ, ಯಾರ ಎದೆಯ ಮೇಲೆ ಹೊಲಿಗೆಯ ಗುರುತು, ಯಾರು ಬಿಕ್ಕಿ ಅತ್ತರು, ಅದೆಲ್ಲ ಹಬೆಯ ಜೊತೆಗೇ ಹೋಗಬೇಕು. ಬಾಗಿಲು ದಾಟಿ ಹೊರಬಂದು ಏಲಕ್ಕಿ ಬ್ರೆಡ್ಡಿನ ಜೊತೆ ಕಾಫಿ ಕುಡಿಯುವಾಗ ಅದರ ಸುದ್ದಿ ಎತ್ತುವಂತಿಲ್ಲ. ಲೆಂಪಿ ಸುಳ್ಳು ಹೇಳಿರಲಿಲ್ಲ. ಆ ಇಬ್ಬರು ಸಾಕ್ಷಿಗಳೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಹಿಲ್ಯಾಳಿಗೂ ಹೊಳೆಯಲಿಲ್ಲ. ಎಂಬತ್ತಾರರ ಹಿಲ್ಯಾ ಮೇಲಿನ ಬೆಂಚಿನ ಮೂಲೆಯಲ್ಲಿ, ಬರ್ಚ್ ಸೊಪ್ಪಿನ ಕಟ್ಟಿನಿಂದ ಬೆನ್ನಿಗೆ ಹೊಡೆದುಕೊಳ್ಳುತ್ತ, ಲೆಂಪಿಯ ಮಾತು ಪೂರ್ತಿ ಕೇಳಿ, ಕಟ್ಟು ಕೆಳಗಿಟ್ಟಳು.

“ಆಗಲ್ಲ.”

“ಹಿಲ್ಯಾ, ಸುಮ್ನೆ ಒಂದು ಕಾಗದ. ನೀನು ಕಂಡಿದ್ದನ್ನ ಬರೆದು...”

“ನಾನು ಏನೂ ಕಂಡಿಲ್ಲ. ಅರವತ್ತು ವರ್ಷದಿಂದ ಈ ಬೆಂಚ್ ಮೇಲೆ ಕೂತಿದೀನಿ, ಏನೂ ಕಂಡಿಲ್ಲ. ಕಂಡಿದ್ದನ್ನ ಹೇಳೋಕೆ ಶುರು ಮಾಡಿದ್ರೆ ಈ ಊರಲ್ಲಿ ಇಬ್ಬರು ಪಾಸ್ಟರ್‌ಗಳ ಹೆಂಡ್ತೀರು ರಾತ್ರೋರಾತ್ರಿ ಊರು ಬಿಡಬೇಕಾಗ್ತದೆ.”

“ತಣ್ಣೀರು ನಿನ್ನ ತೊಡೆ ಮೇಲೆ ಬಿದ್ದಿದ್ದು ಸುಳ್ಳಾ ಹಾಗಾದ್ರೆ?” ಎಂದಳು ವರ್ನಾ. ವರ್ನಾ ರುವೊನಾ ಮೂವತ್ತು ಚಳಿಗಾಲ ಜಿಲ್ಲೆಯ ಹಿಮ ತೆಗೆಯುವ ಲಾರಿ ಓಡಿಸಿ ನಿವೃತ್ತಳಾದವಳು. ಆ ಇಂಜಿನ್ನಿನ ಮೇಲೆ ಕೂಗಿ ಕೂಗಿ ಅಭ್ಯಾಸವಾದ ಗಂಟಲು ಸಣ್ಣ ಕೋಣೆಯಲ್ಲೂ ಇಳಿಯುತ್ತಿರಲಿಲ್ಲ. “ನೀನು ಕಿರುಚಿದ ಕಿರುಚಾಟಕ್ಕೆ ನಾಯಿ ಬಂದು ಬಾಗಿಲು ಕೆರೀತು ಮಾರಾಯ್ತಿ!”

“ಅದು ಬಿದ್ದಿದ್ದು ನಿಜ. ಹೇಳೋದು ಬೇರೆ.”

“ಸರಿ ಬಿಡು. ಪಾಪ, ಇವಳು ಉಳಿದ ಜನ್ಮವೆಲ್ಲ ಎಡಗೈಲೇ ಮೂಗು ಒರೆಸ್ಕೊಳ್ಳಲಿ. ನಿನ್ನ ಬೆಂಚಿನ ಮಾನ ಉಳೀಲಿ.”

ಲೆಂಪಿಗೆ ಹಿಲ್ಯಾಳ ಮಾತೇ ಸರಿ ಎನಿಸಿತು. ಎದ್ದು ಕೆಳಗಿಳಿಯಲು ಹೋದಳು. ಬಲಗೈಯಿಂದ ಗೋಡೆಯ ಹಿಡಿ ಹಿಡಿಯಲು ಹೋಗಿ, ಹಲ್ಲು ಕಚ್ಚಿ, ತಿರುಗಿ ನಿಂತು ಎಡಗೈಯಲ್ಲಿ ಹಿಡಿದು, ಮಗುವಿನ ಹಾಗೆ ಹಿಂದುಹಿಂದಾಗಿ ಇಳಿದಳು. ಹಿಲ್ಯಾ ಅದನ್ನು ನೋಡಿದಳು. ನೋಡಿದೆ ಎಂಬುದನ್ನು ಮುಚ್ಚಿಡಲು ಆಗದಷ್ಟು ಹೊತ್ತು ನೋಡಿದಳು.

“ಹೆಗಲಿನ ಮಟ್ಟಿಗೆ ಹೇಳ್ತೀನಿ,” ಎಂದಳು ಕೊನೆಗೆ. “ಹೆಗಲಿಂದ ಕೆಳಗೆ ಒಂದು ಮಾತೂ ಇಲ್ಲ. ಇವಳದ್ದೂ ಇಲ್ಲ, ನಂದೂ ಇಲ್ಲ, ಯಾರದ್ದೂ ಇಲ್ಲ. ಆ ನಿನ್ನ ವಕೀಲನಿಗೆ ಮೊದಲೇ ಹೇಳಿಬಿಡು.”

ಈ ನಡುವೆ ಪೆಟ್ರೋಲ್ ಬಂಕಿನ ಡ್ವೇನ್ ಎಂಬವನ ಕಿವಿಗೆ ಸುದ್ದಿ ಬಿತ್ತು. ಚುಚ್ಚುಮದ್ದೆಲ್ಲ ವಿಷವೆಂದು ಬಂಕಿನ ಗೋಡೆಗೆ ದಪ್ಪಕ್ಷರದಲ್ಲಿ ಬರೆಸಿದ್ದವನು ಅವನು. ಲೆಂಪಿ ಕಾರಿಗೆ ಪೆಟ್ರೋಲ್ ಹಾಕಿಕೊಳ್ಳುತ್ತಿದ್ದಾಗ ಓಡಿ ಬಂದ.

“ಲೆಂಪಿ, ಶನಿವಾರ ನಮ್ಮ ಸಭೆ ಇದೆ. ನೀನು ಏನೂ ಮಾತಾಡಬೇಡ, ವೇದಿಕೆ ಮೇಲೆ ನಿಂತು ಆ ಕೈ ಎತ್ತೋಕೆ ನೋಡು, ಸಾಕು. ಜನಕ್ಕೆ ಗೊತ್ತಾಗ್ಲಿ.”

“ಏನು ಗೊತ್ತಾಗ್ಬೇಕು?”

“ಸೂಜಿ ಎಂಥಾ ವಿಷ ಅಂತ!”

“ಸೂಜಿಗೇನಾಗಿದೆ ಡ್ವೇನ್? ಚುಚ್ಚಿದವನು ಕೂತ್ಕೊಂಡು ಚುಚ್ಚಲಿಲ್ಲ. ಅವನಿಗೆ ಕೂರೋಕೆ ಕುರ್ಚಿ ಇರಲಿಲ್ಲ ಅಂಗಡೀಲಿ. ಒಬ್ಬನಿಗೇ ದಿನಕ್ಕೆ ನೂರು ಜನ. ನಿನ್ನ ಸಭೇಲಿ ಕುರ್ಚಿ ಬೇಕು ಅಂತ ಮಾತಾಡೋ ಹಾಗಿದ್ರೆ ಹೇಳು, ಬರ್ತೀನಿ.”

ಮರುವರ್ಷದ ಅಕ್ಟೋಬರಿನಲ್ಲಿ ಅವಳು ಮತ್ತೆ ಫ್ಲೂ ಚುಚ್ಚುಮದ್ದು ಹಾಕಿಸಿಕೊಂಡಳು, ಎಡಗೈಗೆ, ಜಿಲ್ಲಾ ಆರೋಗ್ಯ ಕೇಂದ್ರದಲ್ಲಿ. ನರ್ಸ್ ಸೂಜಿ ಹಿಡಿದು ಬಂದಾಗ ಪಕ್ಕದ ಸ್ಟೂಲನ್ನು ಕಾಲಿನಿಂದ ಎಳೆದು, “ಮೊದಲು ಕೂತ್ಕೊಳಮ್ಮಾ ನೀನು, ಆಮೇಲೆ ಚುಚ್ಚು” ಎಂದಳು. ಶಾಲೆಯ ಮಕ್ಕಳು ಸೀನುತ್ತ ತಟ್ಟೆ ಚಾಚುವುದನ್ನು ಇಪ್ಪತ್ತಾರು ವರ್ಷ ಕಂಡವಳಿಗೆ ಚುಚ್ಚುಮದ್ದು ಯಾಕೆ ಬೇಕೆಂದು ಯಾರೂ ಪಾಠ ಹೇಳಬೇಕಿರಲಿಲ್ಲ.

ಕೋರ್ಟು ತಾನಾಗಿ ಊರಿಗೆ ಬರಲಿಲ್ಲ, ಊರೂ ಕೋರ್ಟಿಗೆ ಹೋಗಲಿಲ್ಲ. ಎರಡು ವರ್ಷ ಕಾಗದಗಳು ಓಡಾಡಿದ ಮೇಲೆ ಜೂನಿನ ಒಂದು ಬೆಳಿಗ್ಗೆ ಊರಿನ ಲೈಬ್ರರಿಯ ಮಕ್ಕಳ ಕೋಣೆಯಲ್ಲಿ, ಗೋಡೆಯ ಮೇಲಿನ ಕಾಗದದ ಆಮೆ-ಮೊಲಗಳ ನಡುವೆ, ಕಂಪ್ಯೂಟರ್ ಪರದೆಯ ಮುಂದೆ ಮೂವರೂ ಕೂತರು. ಹಿಲ್ಯಾ ಚರ್ಚಿನ ನೀಲಿ ಕೋಟು ಹಾಕಿಕೊಂಡು ಕುತ್ತಿಗೆವರೆಗೆ ಗುಂಡಿ ಹಾಕಿದ್ದಳು. ಪರದೆಯ ಒಂದು ಚೌಕದಲ್ಲಿ ಡೆಸ್ಮಂಡ್, ಇನ್ನೊಂದರಲ್ಲಿ ಸರ್ಕಾರದ ವಕೀಲೆ, ಮೂರನೆಯದರಲ್ಲಿ ತೀರ್ಪು ಕೊಡುವ ನ್ಯಾಯಾಧಿಕಾರಿ.

“ಬಲಗೈ ಎತ್ತಿ ಪ್ರಮಾಣ ಮಾಡಿ,” ಎಂದರು ನ್ಯಾಯಾಧಿಕಾರಿ.

ಲೆಂಪಿ ತನ್ನ ಬಲಗೈ ನೋಡಿಕೊಂಡಳು. ಆಮೇಲೆ ಪರದೆ ನೋಡಿದಳು.

“ಅದಾಗಿದ್ರೆ ನಾನು ಇಲ್ಲಿಗ್ಯಾಕೆ ಬರ್ತಿದ್ದೆ ಸಾರ್?”

ವರ್ನಾ ಬಾಯಿ ಮುಚ್ಚಿಕೊಂಡು ನಕ್ಕಿದ್ದು ಲೈಬ್ರರಿಯ ಹೊರಬಾಗಿಲವರೆಗೆ ಕೇಳಿಸಿತು. ನ್ಯಾಯಾಧಿಕಾರಿ ಕೆಮ್ಮಿ, ಎಡಗೈ ಆದರೂ ಆದೀತು ಎಂದರು.

ಸರ್ಕಾರದ ವಕೀಲೆ ಒರಟು ಹೆಂಗಸಲ್ಲ. ಮಾತೆಲ್ಲ ಬೆಣ್ಣೆ. ನೋವಿದ್ದವರು ಐದು ತಿಂಗಳು ಸುಮ್ಮನಿರುತ್ತಾರೆಯೇ ಎಂದು ಕೇಳಿದಳು. ಸೌನಾದ ಒಲೆಗೆ ಸೌದೆ ಸೀಳಬೇಕಲ್ಲ, ಸೀಳುವಾಗ ಭುಜ ಹರಿದಿರಬಾರದೇಕೆ ಎಂದು ಕೇಳಿದಳು. ಕೂಲಿ ಮಾಡುವವರ ಮೈಯಲ್ಲಿ ಏನು ಕೆಟ್ಟರೂ ಅದು ಅವರ ಕೂಲಿಯಿಂದಲೇ ಕೆಟ್ಟಿರಬೇಕು ಎಂಬುದು ಎಲ್ಲ ಸರ್ಕಾರಗಳ ಹಳೆಯ ನಂಬಿಕೆ.

“ಸೌದೆ ಸೀಳೋದು ನಾನು,” ಎಂದಳು ವರ್ನಾ. “ಇವಳಿಗೆ ಕೊಡ್ಲಿ ಕೊಟ್ರೆ ಹಿಲ್ಯಾ ಮನೆ ಕೋಳಿಗಳೂ ಉಳಿಯಲ್ಲ.”

“ಚುಚ್ಚಿದ್ದು ಎಡಗೈಗೆ ಎಂದು ದಾಖಲೆ ಇದೆ. ನೀವು ಬಲಗೈ ಎನ್ನುತ್ತೀರಿ. ಇಷ್ಟು ಖಚಿತವಾಗಿ ಹೇಗೆ ನೆನಪಿದೆ?”

“ನಾನು ಕೂರೋದೇ ಇವಳ ಬಲಕ್ಕೆ. ಮೂವತ್ತು ವರ್ಷದಿಂದ ಅದೇ ಜಾಗ. ಇವಳ ಎಡಕ್ಕೆ ಒಲೆ ಇದೆ ಮೇಡಂ, ಅಲ್ಲಿ ಕೂತ್ರೆ ನಾನು ಬೆಂದು ಹೋಗ್ತೀನಿ. ಆ ಬ್ಯಾಂಡೇಜು ನನ್ನ ಮೂಗಿನ ಮುಂದೇ ಇತ್ತು, ಇಲ್ಲಿ, ಎಲುಬಿನ ಮೇಲೆ. ‘ಏನೇ, ಚುಚ್ಚುಮದ್ದು ಕಿವಿಗೆ ಹಾಕಿಸ್ಕೊಂಡ್ಯಾ?’ ಅಂತ ನಾನೇ ಕೇಳ್ದೆ. ಈಗ ತಾನೇ ಅಂಗಡೀಲಿ ಹಾಕಿಸ್ಕೊಂಡು ಬಂದೆ ಅಂದ್ಳು. ಹಬೆಗೆ ಬ್ಯಾಂಡೇಜು ಕಿತ್ತು ಬಂತು. ನಾನೇ ಒಲೆಗೆ ಎಸೆದೆ.”

ಹಿಲ್ಯಾಳ ಸರದಿ ಬಂತು.

“ಮಿಸೆಸ್ ಟೆರ್ವೊ, ಆ ಸಂಜೆ ನೀವು ಕನ್ನಡಕ ಹಾಕಿದ್ದಿರಾ?”

“ಸೌನಾದಲ್ಲಿ ಕನ್ನಡಕ ಹಾಕ್ಕೊಂಡ್ರೆ ಮೂಗು ಸುಡ್ತದಮ್ಮ.”

“ಹಾಗಾದರೆ ಹಬೆಯಲ್ಲಿ, ಕನ್ನಡಕವಿಲ್ಲದೆ, ನಿಮಗೆ ಸ್ಪಷ್ಟವಾಗಿ ಕಾಣಿಸಿದ್ದೇನು?”

“ನೋಡಮ್ಮ, ಒಂದು ಸೌಟು ತಣ್ಣೀರು ತೊಡೆ ಮೇಲೆ ಬಿದ್ರೆ ಅದನ್ನ ತಿಳ್ಕೊಳ್ಳೋಕೆ ಕನ್ನಡಕ ಬೇಕಾ? ತಲೆ ಎತ್ತಿ ನೋಡ್ದೆ. ಕೈ ಹಿಂಗೆ ಅರ್ಧಕ್ಕೆ ನಿಂತಿತ್ತು. ಸುಣ್ಣದ ಹಾಗೆ ಬಿಳಚಿಕೊಂಡಿದ್ಳು. ಸೌನಾದಲ್ಲಿ ಯಾರೂ ಬಿಳಚಿಕೊಳ್ಳಲ್ಲ, ಎಲ್ಲ ಕೆಂಪಗಿರ್ತಾರೆ. ಅವತ್ತಿಂದ ಇವತ್ತಿನವರೆಗೂ ನೀರು ಎರಚೋದು ನಾನೇ. ಎಂಬತ್ತೆಂಟು ವರ್ಷ ನನಗೆ.”

“ಆಕೆಯ ದೇಹದಲ್ಲಿ ಬೇರೆಲ್ಲಾದರೂ ಗಾಯ, ಬಾವು ಇದ್ದದ್ದನ್ನು ಗಮನಿಸಿದಿರಾ?”

ಹಿಲ್ಯಾ ಕೋಟಿನ ಮೇಲಿನ ಗುಂಡಿ ಸರಿಯಿದೆಯೇ ಎಂದು ಮುಟ್ಟಿ ನೋಡಿಕೊಂಡಳು.

“ಹೆಗಲಿನ ಮಟ್ಟಿಗೆ ಕೇಳಿ, ಹೇಳ್ತೀನಿ. ಅದರ ಕೆಳಗಿನದು ಕೋರ್ಟಿಗೆ ಸಂಬಂಧ ಇಲ್ಲ.”

ಡೆಸ್ಮಂಡ್ ತನ್ನ ಚೌಕದಲ್ಲಿ ತಲೆ ತಗ್ಗಿಸಿ ಏನನ್ನೋ ಬರೆಯುವವನಂತೆ ಮಾಡಿದ. ಅವನ ಹೆಗಲು ಕುಲುಕುತ್ತಿತ್ತು. ನ್ಯಾಯಾಧಿಕಾರಿ ಮಾತ್ರ ನಗಲಿಲ್ಲ. ಮುಂದಕ್ಕೆ ಬಾಗಿ, “ಮೇಡಂ, ಈ ಮಾತನ್ನು ಹೊರಗೆ ಹೇಳುವುದು ನಿಮಗೆ ಕಷ್ಟವಾಗಿರಬೇಕು” ಎಂದರು.

“ಆಯ್ತು,” ಎಂದಳು ಹಿಲ್ಯಾ. “ಅರವತ್ತು ವರ್ಷದಲ್ಲಿ ಇದೇ ಮೊದಲು.”

ಅದನ್ನು ಹೇಳುವಾಗ ಅವಳ ದನಿ ಸ್ವಲ್ಪ ಒಡೆಯಿತು. ಪಕ್ಕದಲ್ಲಿದ್ದ ಲೆಂಪಿ ಅದನ್ನು ಕೇಳಿಸಿಕೊಂಡಳು. ಇಡೀ ವಿಚಾರಣೆಯಲ್ಲಿ ಅವಳ ಮನಸ್ಸಿನಲ್ಲಿ ಉಳಿದದ್ದು ಅದೊಂದೇ.

ತೀರ್ಪು ಬರಲು ತಿಂಗಳುಗಳು ಹಿಡಿಯುತ್ತವೆ ಎಂದು ಡೆಸ್ಮಂಡ್ ಹೇಳಿದ್ದ. ಆಗಸ್ಟಿನ ಒಂದು ಗುರುವಾರ ಅವನೇ ಫೋನ್ ಮಾಡಿದ. ಗುರುವಾರವೆಂದರೆ ಚರ್ಚಿನ ನೆಲಮಾಳಿಗೆಯಲ್ಲಿ ಪ್ಯಾಸ್ಟಿ ಮಾಡುವ ದಿನ. ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿದ ಕಡುಬನ್ನು ಬೇಯಿಸಿ ಊರಿಗೆಲ್ಲ ಮಾರಿ ಚರ್ಚಿನ ಚಾವಣಿ ರಿಪೇರಿ ಮಾಡಿಸುವುದು. ಆ ಚಾವಣಿ ಹನ್ನೊಂದು ವರ್ಷದಿಂದ ರಿಪೇರಿಯಾಗುತ್ತಲೇ ಇದೆ. ಹಿಲ್ಯಾ ಹಿಟ್ಟು ಲಟ್ಟಿಸುತ್ತಿದ್ದಳು, ಲೆಂಪಿ ಎಡಗೈಯಲ್ಲಿ ಹೂರಣ ತುಂಬುತ್ತಿದ್ದಳು, ವರ್ನಾ ಅಂಚು ಮಡಿಸುತ್ತಿದ್ದಳು. ಹೂರಣಕ್ಕೆ ಕ್ಯಾರೆಟ್ ಹಾಕಬಾರದೆಂದು ವರ್ನಾ, ಹಾಕಿದರೇನು ಎಂದು ಹಿಲ್ಯಾ, ಬೆಳಿಗ್ಗೆಯಿಂದ ಕಚ್ಚಾಡುತ್ತಿದ್ದರು.

ಲೆಂಪಿಯ ಕೈಯೆಲ್ಲ ಹಿಟ್ಟು. ವರ್ನಾ ಮೊಣಕೈಯಿಂದ ಒತ್ತಿ ಫೋನಿನ ಸ್ಪೀಕರ್ ಹಾಕಿದಳು.

“ಲೆಂಪಿ, ಒಳ್ಳೇ ಸುದ್ದಿ,” ಎಂದ ಡೆಸ್ಮಂಡ್. “ತೀರ್ಪಿಗೆ ಮುಂಚೆನೇ ಸರ್ಕಾರದವರು ರಾಜಿಗೆ ಬಂದಿದ್ದಾರೆ. ನಾವು ಕೇಳಿದ್ದರಲ್ಲಿ ಹೆಚ್ಚುಕಮ್ಮಿ ಪೂರ್ತಿ ಕೊಡ್ತಾರೆ. ಆಪರೇಷನ್ ಖರ್ಚು, ಹೋದ ಸಂಬಳ, ಎಲ್ಲ. ನಾಳೆ ಸಂಜೆ ಒಳಗೆ ನೀವು ಸಹಿ ಹಾಕಿ ಕಳಿಸಬೇಕು.”

ವರ್ನಾ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ಹೊಡೆದಳು. ಮೂವರೂ ಬಿಳಿ ಧೂಳಿನಲ್ಲಿ ಕೆಮ್ಮಿದರು. ಹಿಲ್ಯಾ ಕಣ್ಣೊರೆಸಿಕೊಂಡು, ಹಿಟ್ಟು ಹೋಯಿತು ಎಂದಳು.

“ಏನಂತ ಬರೆದಿದೆ ಕಾಗದದಲ್ಲಿ?” ಎಂದು ಕೇಳಿದಳು ಲೆಂಪಿ.

“ಮಾಮೂಲಿ. ಐದು ಪುಟ ಇದೆ.”

“ಓದಿ.”

ಡೆಸ್ಮಂಡ್ ಓದಿದ. ಅವಳಿಗೆ ಚುಚ್ಚುಮದ್ದು ಹಾಕಲಾಯಿತು. ಅದರಿಂದ ಭುಜಕ್ಕೆ ಹಾನಿಯಾಯಿತೆಂದು ಅವಳು ಹೇಳುತ್ತಾಳೆ. ಆರನೆಯ ಅಂಶ: ಚುಚ್ಚುಮದ್ದಿನಿಂದ ಅರ್ಜಿದಾರಳ ಭುಜಕ್ಕಾಗಲಿ, ಇನ್ನಾವುದೇ ಅಂಗಕ್ಕಾಗಲಿ ಹಾನಿಯಾಯಿತೆಂಬುದನ್ನು ಸರ್ಕಾರ ನಿರಾಕರಿಸುತ್ತದೆ. ಏಳನೆಯ ಅಂಶ...

“ಆರನೇದು ಇನ್ನೊಂದ್ಸಲ ಓದಿ.”

ಅವನು ಓದಿದ.

“ಅಂದ್ರೆ ಏನೂ ಆಗಿಲ್ಲ ಅಂತ.”

“ಅಯ್ಯೋ, ಅದು ಎಲ್ಲಾ ರಾಜಿ ಕಾಗದದಲ್ಲೂ ಇರೋ ವಾಕ್ಯ ಲೆಂಪಿ. ಯಾರೂ ಅದನ್ನ ಓದೋದೇ ಇಲ್ಲ. ದುಡ್ಡು ಕೊಡ್ತಾರೆ, ಒಪ್ಕೊಳ್ಳಲ್ಲ, ಅಷ್ಟೇ.”

“ಏನೂ ಆಗದೇ ಇದ್ರೆ ದುಡ್ಡು ಯಾಕೆ ಕೊಡ್ತಾರೆ? ನನ್ನ ಮೂಗು ಚೆನ್ನಾಗಿದೆ ಅಂತಾನಾ?”

“ತೀರ್ಪು ನಮ್ಮ ಕಡೆಗೇ ಆಗ್ತದೆ ಅಂತ ಗ್ಯಾರಂಟಿ ಕೊಡೋಕೆ ನನಗಾಗಲ್ಲ. ದಾಖಲೇಲಿ ಎಡಗೈ ಅಂತಾನೇ ಇದೆ. ಡಾಕ್ಟರ ಚೀಟಿ ತಡವಾಗಿದೆ. ನ್ಯಾಯಾಧಿಕಾರಿ ನಿಮ್ಮ ಸ್ನೇಹಿತೆಯರ ಮಾತು ನಂಬಿದ್ರೆ ಗೆಲ್ತೀವಿ. ನಂಬದಿದ್ರೆ ಒಂದು ಪೈಸೇನೂ ಇಲ್ಲ, ಆಪರೇಷನ್ನೂ ಇಲ್ಲ. ಯೋಚನೆ ಮಾಡಿ.”

ಲೆಂಪಿ ಯೋಚಿಸಿದಳು. ಹೂರಣದ ಚಮಚ ಕೆಳಗಿಟ್ಟು, ಎಡಗೈಯಿಂದ ಬಲ ಮೊಣಕೈಯನ್ನು ಹಿಡಿದುಕೊಂಡು ನಿಂತಳು. ಈ ಕೈ ತಲೆಯ ಮೇಲೆ ಹೋಗಿ ಮೂರು ವರ್ಷವಾಗುತ್ತ ಬಂತು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಆಪರೇಷನ್ನಾದರೆ ಆರು ತಿಂಗಳಲ್ಲಿ ಹಂಡೆ ಎತ್ತಬಹುದೆಂದು ಡಾಕ್ಟರು ಹೇಳಿದ್ದರು. ಅದೆಲ್ಲ ಒಂದು ಸಹಿಯ ದೂರದಲ್ಲಿತ್ತು.

“ಏನೇ ಯೋಚನೆ ಮಾಡ್ತಿದೀಯ ಪೆಂಗಿ?” ಎಂದಳು ವರ್ನಾ. “ಪೆನ್ ಬೇಕಾ? ಪಾಸ್ಟರ್ ಮೇಜಿನ ಮೇಲಿದೆ, ತರ್ತೀನಿ ಇರು.”

“ನಿನ್ನನ್ನ ಸುಳ್ಳುಗಾತಿ ಅಂತಿದ್ದಾರೆ ವರ್ನಾ.”

“ಅನ್ಲಿ ಬಿಡೇ. ನನ್ನ ಗಂಡ ದಿನಾ ಅಂತಾನೆ. ಅವನು ಪುಕ್ಕಟೆ ಅಂತಾನೆ, ಇವರು ದುಡ್ಡು ಕೊಟ್ಟು ಅಂತಾರೆ.”

“ಹಿಲ್ಯಾಳನ್ನೂ ಅಂತಿದ್ದಾರೆ.”

ಹಿಲ್ಯಾ ಲಟ್ಟಣಿಗೆ ನಿಲ್ಲಿಸಲಿಲ್ಲ. “ನನಗೆ ಎಂಬತ್ತೆಂಟು. ನನ್ನ ಮಾನ ಕಾಯೋಕೆ ನೀನು ಕೈ ಕಳ್ಕೋಬೇಕಾಗಿಲ್ಲ. ಸಹಿ ಹಾಕಿ ಕೈ ಸರಿ ಮಾಡಿಸ್ಕೋ. ನೀರು ಎರಚಿ ಎರಚಿ ಸಾಕಾಗಿದೆ ನನಗೆ.”

“ನೀನು ಆ ಬಾಗಿಲಿಂದಾಚೆಗೆ ಯಾವತ್ತೂ ಮಾತು ತಂದಿರಲಿಲ್ಲ ಹಿಲ್ಯಾ. ನನಗೋಸ್ಕರ ತಂದೆ. ಎಡಗಡೆ ಕೂತು ಕೇಳಿಸ್ಕೊಂಡಿದೀನಿ ನಾನು, ನಿನ್ನ ಗಂಟಲು ಹೆಂಗಾಯ್ತು ಅಂತ.”

“ನೆಗಡಿಯಾಗಿತ್ತು.”

“ಜೂನ್ ತಿಂಗಳಲ್ಲಿ!”

ಒಲೆಯೊಳಗೆ ಮೊದಲ ತಟ್ಟೆಯ ಪ್ಯಾಸ್ಟಿಗಳು ಕಂದು ಬಣ್ಣಕ್ಕೆ ತಿರುಗುವ ವಾಸನೆ ಬಂತು. ವರ್ನಾ ಬಟ್ಟೆ ಹಿಡಿದು ಒಲೆಯತ್ತ ಹೋದವಳು ಅರ್ಧದಲ್ಲೇ ನಿಂತು, “ಎರಡು ವರ್ಷ ತಡಿಯೇ, ಅರವತ್ತೈದು ತುಂಬಿದ್ರೆ ಸರ್ಕಾರದ ವಿಮೆ ಬರ್ತದೆ, ಪುಕ್ಕಟೆ ಕತ್ತರಿಸ್ತಾರೆ ಅಂತ ಹೇಳ್ಬೇಡ ಮತ್ತೆ. ನಿನ್ನ ಮುಖ ನೋಡಿದ್ರೆ ಅದನ್ನೇ ಲೆಕ್ಕ ಹಾಕ್ತಿರೋ ಹಂಗಿದೆ” ಎಂದಳು.

“ಒಂದು ವರ್ಷ ಹತ್ತು ತಿಂಗಳು,” ಎಂದಳು ಲೆಂಪಿ.

“ದೇವರೇ!” ಎಂದಳು ವರ್ನಾ, ಒಲೆಗೆ.

ಫೋನಿನಿಂದ ಡೆಸ್ಮಂಡ್‌ನ ದನಿ ಬಂತು, ಮೊದಲಿಗಿಂತ ಮೆಲ್ಲಗೆ. “ಲೆಂಪಿ, ನಾನು ಇಂಥಾ ನೂರಾರು ಕೇಸು ನಡೆಸಿದೀನಿ. ಸಹಿ ಹಾಕಿದವರು ಯಾರೂ ಬಂದು ನನ್ನನ್ನ ಬೈದಿಲ್ಲ. ಸರ್ಕಾರ ಒಪ್ಕೊಂಡ್ರೆ ನಿಮ್ಮ ಭುಜ ಏನು ಹೆಚ್ಚಿಗೆ ವಾಸಿಯಾಗಲ್ಲ.”

“ನಿಮ್ಮ ಮೇಲೆ ಕೋಪ ಇಲ್ಲಪ್ಪ. ಕೇಳಿ. ಐದು ತಿಂಗಳು ನಾನೇ ಊರೆಲ್ಲ ಏನೂ ಆಗಿಲ್ಲ, ಏನೂ ಆಗಿಲ್ಲ ಅಂತ ಹೇಳ್ಕೊಂಡು ತಿರುಗಿದೆ. ಅದು ನನ್ನ ಸುಳ್ಳು. ನನ್ನ ಭುಜ, ನನ್ನ ಬಾಯಿ, ಏನಾದ್ರೂ ಹೇಳ್ಕೊಂಡೆ. ಈಗ ಸರ್ಕಾರ ಏನೂ ಆಗಿಲ್ಲ ಅಂತ ಬರೀತದೆ, ಅದರ ಕೆಳಗೆ ನಾನು ಹೆಸರು ಬರೀಬೇಕು. ಇವರಿಬ್ಬರೂ ಪ್ರಮಾಣ ಮಾಡಿ ಆಗಿದೆ ಅಂದ್ರು. ಅದನ್ನ ಹೌದು ಅಂತಾದ್ರೂ ಬರೀಲಿ, ಅಲ್ಲ ಅಂತಾದ್ರೂ ಬರೀಲಿ, ಆ ನ್ಯಾಯಾಧಿಕಾರಿ ತನ್ನ ಹೆಸರು ಹಾಕಿ ಬರೀಲಿ.”

“ಅಲ್ಲ ಅಂತ ಬರೆದ್ರೆ?”

“ಅವರು ಬರೆದ ಹಾಗಾಯ್ತು. ನಾನು ಬರೆದ ಹಾಗಲ್ಲ.”

“ನಾಳೆ ಸಂಜೆ ಐದಕ್ಕೆ ಈ ರಾಜಿ ಮಾತು ಮುಗಿದು ಹೋಗ್ತದೆ. ಮತ್ತೆ ಸಿಗಲ್ಲ. ನಿಮ್ಮ ವಕೀಲನಾಗಿ ಹೇಳ್ತಿದೀನಿ, ದಯವಿಟ್ಟು ಸಹಿ ಹಾಕಿ.”

“ಹಾಕೇ,” ಎಂದಳು ಹಿಲ್ಯಾ.

“ಹಾಕು ಮಾರಾಯ್ತಿ,” ಎಂದಳು ವರ್ನಾ.

ಲೆಂಪಿ ಮುಂದಿನ ಹಿಟ್ಟಿನ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು, ಎಡಗೈಯಲ್ಲಿ ಚಮಚ ತೆಗೆದುಕೊಂಡಳು.

“ಹಾಕಲ್ಲ,” ಎಂದಳು.